ಕೆರೆಯೊಳಗಿನ ಹೊಲ

ಫೆಬ್ರವರಿ 12, 2006

ರಾಣೇಬೆನ್ನೂರಿನ ಬೀಜದ ಅಂಗಡಿಯವರು ಇವರಿಗೆ ಕೊಟ್ಟ ಡೈರಿ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಬರೆಯುವಂಥದ್ದು ಇವತ್ತು ಸಿಕ್ಕಿತು. ನಾನು ಕೆರೆ ಸಂಘದ ಅಧ್ಯಕ್ಷಳಾದೆ!

ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತ್ತು. ಕೆರೆಯ ಹೂಳು ತೆಗೆಸಲು ಸರಕಾರ ಸಹಾಯ ಮಾಡುತ್ತದೆ, ಆದರೆ ಸಂಘ ಕಟ್ಟುವವರು, ದುಡಿಯುವವರು, ಒತ್ತುವರಿ ಬಿಡಿಸುವವರು ಎಲ್ಲ ಊರವರೇ ಆಗಬೇಕು ಎಂದು ಹಾವೇರಿಯಿಂದ ಬಂದ ಎಂಜಿನಿಯರ್ ಸಾಹೇಬರು ತಿಳಿಸಿ ಹೇಳಿದರು. ಅಧ್ಯಕ್ಷರು ಹೆಣ್ಣುಮಕ್ಕಳಾದರೆ ಚಲೋ ಅಂದಾಗ ಭರಮಣ್ಣ ಕಾಕಾ ಎದ್ದು, "ನಮ್ಮ ಮನೋಹರನ ಮನಿಯಾಕಿ ಅರುಣಾ ಹಾವೇರ್ಯಾಗ ಕಾಲೇಜು ಓದ್ಯಾಳ. ಆಕಿನ್ನ ಮಾಡ್ರಿ" ಅಂದರು. ಅವರು ಊರಿನ ಹಿರಿಯರು, ಅವರ ಮಾತಿಗೆ ಎದುರು ಮಾತಿಲ್ಲ. ಇವರೂ ನಕ್ಕು "ಆಗ್ಲಿ" ಅಂದುಬಿಟ್ಟರು. ಹೋದ ವರ್ಷ ಪಂಚಾಯ್ತಿಗೆ ನಿಲ್ಲುತ್ತೇನೆ ಅಂದದ್ದಕ್ಕೆ ಊಟ ಬಿಟ್ಟು ಎದ್ದುಹೋದ ಮನುಷ್ಯ!

ನಾನೂ ನಾಲ್ಕು ಮಾತಾಡಿದೆ. ಮದುವೆಯಾಗಿ ಬಂದಾಗ ಈ ಕೆರೆಯಲ್ಲಿ ಯುಗಾದಿತನಕ ನೀರಿರುತ್ತಿತ್ತು, ಈಗ ಸಂಕ್ರಾಂತಿಗೇ ದನಗಳು ಕೆಸರು ಮೂಸಿ ತಿರುಗಿ ಬರುತ್ತವೆ ಅಂದೆ. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ನೀಲಿ ಇಳಕಲ್ ಸೀರೆ ಉಟ್ಟದ್ದು ಚಲೋ ಆಯಿತು.

ಮಾರ್ಚ್ 3

ಸರ್ವೇದವರು ಕೆರೆ ಅಳೆಯಲು ಬಂದಿದ್ದರು. ಮುಂದೆ ಸರಪಳಿ, ಹಿಂದೆ ಸುಣ್ಣದ ಪುಡಿಯ ಗೆರೆ. ಅದರ ಹಿಂದೆ ಊರು.

ಬಡಗಣ ಬದಿಗೆ ಅಮೀರಬಿ ಕೆರೆಯೊಳಗೆ ಬದನೆ, ಮೆಂತ್ಯ ಬೆಳೆಯುತ್ತಾಳೆ. ಗಂಡ ತೀರಿದ ಮೇಲೆ ಅವಳ ಮನೆ ನಡೆಯುವುದು ಆ ಪಟ್ಟಿಯ ಮೇಲೆಯೇ. ಕೊಯ್ದದ್ದನ್ನು ಬುಟ್ಟಿಯಲ್ಲಿ ಹೊತ್ತು ಗುತ್ತಲದ ಸಂತೆಗೆ ಹೋಗುತ್ತಾಳೆ. ಸುಣ್ಣದ ಗೆರೆ ಅವಳ ಪಟ್ಟಿಯನ್ನು ಪೂರ್ತಿ ಒಳಗೆ ಹಾಕಿಕೊಂಡಿತು. ಅವಳು ಜಗಳಕ್ಕೆ ಬರುತ್ತಾಳೆ ಅಂತ ಎಲ್ಲರೂ ಕಾದಿದ್ದರು. "ಇದು ಕೆರಿದ ಐತ್ರಿ, ನನಗೂ ಗೊತ್ತೈತಿ" ಅಂದಳು ಅಷ್ಟೇ.

ಆಮೇಲೆ ತೆಂಕಣ ಬದಿ, ನಮ್ಮ ಮೆಣಸಿನಕಾಯಿ ಹೊಲದ ಕಡೆ. ಹೊಲಕ್ಕೂ ಕೆರೆಗೂ ನಡುವೆ ನಮ್ಮ ಮಾವ ಹಾಕಿಸಿದ ಎತ್ತರದ ಒಡ್ಡು ಇದೆ, ನೀರು ಒಳಗೆ ಬಾರದ ಹಾಗೆ. ಗೆರೆ ಆ ಒಡ್ಡಿನ ಗುಂಟ ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಸರ್ವೇ ಸಾಹೇಬರು ಒಡ್ಡು ಹತ್ತಿದರು, ಆಚೆ ಇಳಿದರು, ಹೊಲದ ನಟ್ಟನಡುವೆ ಹೋಗಿ ನಿಂತು ಇವರ ಮುಖ ನೋಡಿದರು.

ಇವರು ಮುಂದೆ ಬಂದು, "ಬಿಸಲು ಭಾಳ ಆತ್ರಿ ಸಾಹೇಬ್ರ. ಮನ್ಯಾಗ ಊಟಕ್ಕ ತಯಾರಾಗೇತಿ, ಬರ್ರಿ. ಈ ಬಾಜೂದ್ದು ಇನ್ನೊಮ್ಮೆ ನೋಡೂಣು" ಅಂದರು. "ಹೌದ್ರಿ, ಹೌದು" ಅಂದರು ಭರಮಣ್ಣ ಕಾಕಾ. ಸುಣ್ಣದ ಚೀಲದ ಬಾಯಿ ಅಲ್ಲೇ ಕಟ್ಟಿದರು.

ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಹೋಳಿಗೆ ಮಾಡು ಅಂತ ಬೆಳಿಗ್ಗೆ ಇವರು ಹೇಳಿದಾಗ ನಾನು ಯಾಕೆ ಅಂತಲೂ ಕೇಳಿರಲಿಲ್ಲ. ಸಾಹೇಬರಿಗೆ ತುಪ್ಪ ಬಡಿಸಿದವಳೂ ನಾನೇ.

ಮಾರ್ಚ್ 4

ಅತ್ತೆಯನ್ನು ಕೇಳಿದೆ. ಅವರು ಮುಚ್ಚಿಡಲೂ ಇಲ್ಲ. "ಹೌದವಾ, ನಿಮ್ಮ ಮಾವ ವರ್ಷಾ ಎರಡು ಸಾಲು ಕೆರಿ ಕಡೆ ಒತ್ತತಿದ್ದಾ. ಹಂಗ ಒತ್ತಿ ಒತ್ತಿ ಆಗಿದ್ದು ಆ ಹೊಲ. ಸುಮ್ಮನ ಆತಂತ ತಿಳದೀಯೇನು? ನಿನ್ನ ಕೊರಳಾಗಿನ ಬಂಗಾರನೂ ಅದ ಹೊಲದ್ದ." ಎಷ್ಟು ಹೆಮ್ಮೆಯಿಂದ ಹೇಳಿದರು!

ಇವರಿಗೆ ನಾನು ಏನೂ ಕೇಳಲಿಲ್ಲ. ಇನ್ನೊಮ್ಮೆ ಅಳೆಯುತ್ತಾರಲ್ಲ, ಆಗ ನೋಡಿದರಾಯಿತು.

ಮಾರ್ಚ್ 19

ಸಂಘದ ಸಭೆ. ಯುಗಾದಿಯೊಳಗೆ ಕೆರೆಯ ಜಾಗ ಬಿಡಬೇಕು ಅಂತ ಠರಾವು ಆಯಿತು. ಓದಿ ಹೇಳಿದವಳು ನಾನು. ಬಿಡಬೇಕಾದವರಲ್ಲಿ ಹೆಚ್ಚಿನವರು ಒಂದು ತುಂಡು ಜಾಗದಲ್ಲಿ ಏನೋ ಬೆಳೆದುಕೊಂಡು ತಿನ್ನುವವರು. ಅಮೀರಬಿ ಹೆಂಗಸರ ಹಿಂದೆ ಕೂತಿದ್ದಳು. ಎದ್ದು ನಿಂತು ಸೆರಗು ಸರಿಮಾಡಿಕೊಂಡು ಕೇಳಿದಳು: "ಎಲ್ಲಾರೂ ಬಿಡಬೇಕಲ್ರಿ, ಅಕ್ಕಾರ?"

ಇವರು ನನ್ನ ಎದುರಿಗೇ ಕೂತಿದ್ದರು.

"ಎಲ್ಲಾರೂ" ಅಂದೆ.

ಸುಳ್ಳು ಅಲ್ಲ ಅದು. ಎಲ್ಲರೂ ಬಿಡಬೇಕು ಅಂತಲೇ ಠರಾವಿನಲ್ಲಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಇದನ್ನೇ ನನಗೆ ನಾನು ಹೇಳಿಕೊಂಡೆ. ಮನೆ ಬಂದರೂ ಮುಗಿಯಲಿಲ್ಲ.

ಮಾರ್ಚ್ 27

ಕೆರೆ ಕಡೆ ಹೋಗಿದ್ದೆ. ಅಮೀರಬಿ ಬದನೆ ಗಿಡ ಕೀಳುತ್ತಿದ್ದಳು. ಕಾಯಿ ಹಿಡಿದ ಗಿಡಗಳು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತು ಅನ್ನಿಸಿತು, ಬಾಯಿಯವರೆಗೂ ಬಂತು. ಅವಳೇ ಹೇಳಿದಳು, "ಮಂದಿ ಬಂದು ಕಿತ್ತಿ ಒಗೆಯೋದ್ಕಿಂತ ನಾನ ಕೀಳೂದು ಚಲೋ ಅಲ್ರೀ." ಕಿತ್ತ ಗಿಡದಿಂದ ಕಾಯಿ ಬಿಡಿಸಿ ನನ್ನ ಸೆರಗಿಗೆ ಹಾಕಿದಳು. ಬೇಡ ಅಂದರೂ ಕೇಳಲಿಲ್ಲ. "ಕೆರಿ ತುಂಬಿದ್ರ ನಮ್ಮ ಓಣಿ ಬೋರಿಗೂ ನೀರ ಬರತಾವಲ್ರಿ ಅಕ್ಕಾರ. ನೀವು ನಿಂತು ಮಾಡಸಾಕತ್ತೀರಿ, ಆಗತೈತಿ."

ರಾತ್ರಿ ಎಣ್ಣೆಗಾಯಿ ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡು, ಎಲ್ಲಿಯ ಬದನೆ, ಎಷ್ಟು ಎಳೇದವು ಅಂದರು. ಹೇಳಿದೆ. ಕೈ ನಿಲ್ಲಲಿಲ್ಲ ಅವರದು.

ನನ್ನದೂ ನಿಲ್ಲಲಿಲ್ಲ. ನಾನೂ ಉಂಡೆ. ಅದನ್ನೂ ಬರೆದಿಡುತ್ತೇನೆ.

ಏಪ್ರಿಲ್ 22

ಹೂಳು ತೆಗೆಯುವ ಕೆಲಸ ಜೋರು ನಡೆದಿದೆ. ಊರಲ್ಲಿ ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್ ತಂದಿದ್ದಾರೆ, ಇಲ್ಲದವರು ಬುಟ್ಟಿ ಹಿಡಿದು ಬಂದಿದ್ದಾರೆ. ಪಕ್ಕದ ಊರು ಅಗಡಿಯ ಜನ ಕೂಡ ಬಂದು ನೋಡಿ ಹೋದರು. ಅಮೀರಬಿ ದಿನಾ ಬರುತ್ತಾಳೆ.

ಜೆಸಿಬಿ ಇವತ್ತು ನಮ್ಮ ಒಡ್ಡಿನ ಬುಡಕ್ಕೆ ಬಂತು. ಅದನ್ನು ನಡೆಸುವವನು ಪರಸ್ಥಳದವನು, ಅವನಿಗೇನು ಗೊತ್ತು? ತಲೆ ಹೊರಗೆ ಹಾಕಿ, "ಮುಂದ ಹೆಂಗ್ರಿ? ಇದನ್ನೂ ತಗೀಲೇನು?" ಅಂತ ಕೂಗಿ ಕೇಳಿದ. ಒಬ್ಬ ಬೀಡಿ ಹಚ್ಚಿದ, ಒಬ್ಬಳು ಸಿಂಬೆ ಬಿಚ್ಚಿ ಮತ್ತೆ ಸುತ್ತಿಕೊಂಡಳು. ನನ್ನ ಕಡೆ ಮಾತ್ರ ಯಾರೂ ನೋಡಲಿಲ್ಲ. ನೋಡಿದ್ದರೇ ಚಲೋ ಇತ್ತು. "ಇವತ್ತಿಗೆ ಸಾಕು ಬಿಡಪಾ" ಅಂದರು ಭರಮಣ್ಣ ಕಾಕಾ. ಹೊತ್ತಿನ್ನೂ ನೆತ್ತಿಯ ಮೇಲಿತ್ತು.

ಸಂಜೆ ನಮ್ಮ ಹೊಲಕ್ಕೆ ಹೂಳಿನ ಟ್ರ್ಯಾಕ್ಟರ್ ಬಂದು ಬಂದು ಸುರಿದವು. ಕೆರೆಯ ಕರಿ ಮಣ್ಣು ತಂದು ಕೆರೆಯಲ್ಲೇ ಹಾಕಿದ ಹಾಗೆ. ಇವರು ಮುಷ್ಟಿಯಲ್ಲಿ ಹಿಡಿದು ನನಗೆ ತೋರಿಸಿದರು, "ಬೆಣ್ಣಿ ಆಗೇತಿ ನೋಡು."

ಮೇ 14

ಇದನ್ನು ಹೇಗೆ ಬರೆಯಲಿ?

ದೇವರಗುಡ್ಡದ ಹತ್ತಿರದ ಒಂದು ಊರಿನಿಂದ ಹೆಂಗಸರು ಟೆಂಪೋ ಮಾಡಿಕೊಂಡು ಬಂದಿದ್ದರು, ನಮ್ಮ ಕೆರೆ ನೋಡಲು. ಅವರೂ ಸಂಘ ಕಟ್ಟಬೇಕಂತೆ. ಎಂಜಿನಿಯರ್ ಸಾಹೇಬರು ನನ್ನನ್ನು ತೋರಿಸಿ, "ಇವರನ್ನ ಕೇಳ್ರಿ, ಒತ್ತುವರಿ ಹೆಂಗ ಬಿಡಿಸಿದ್ರು ಅಂತ" ಅಂದರು. ನಾನು ಭಾಷಣ ಮಾಡಿದೆ. ನಮ್ಮೂರಿನವರು ಯಾರ ಒತ್ತಾಯವೂ ಇಲ್ಲದೆ ಮನಸಾರೆ ಬಿಟ್ಟುಕೊಟ್ಟರು ಅಂದೆ. ಮಾತು ಬಾಯಿಂದ ಹೊರಡುವಾಗ ಎಷ್ಟು ಸಲೀಸಾಗಿತ್ತು! ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಆ ಊರಿನ ಒಬ್ಬ ಹೆಣ್ಣುಮಗಳು, ವಯಸ್ಸಾದಾಕೆ, ನಮ್ಮ ಒಡ್ಡಿನ ಕಡೆ ಕೈ ಮಾಡಿ ಕೇಳಿದಳು. "ಕೆರಿ ಇಲ್ಲಿ ಗುಂಡಗ ಬಂದು ಅಲ್ಲಿ ಯಾಕ ಒಮ್ಮೆಲೆ ಕತ್ತರಿಸಿದಂಗ ಆಗೇತ್ರಿ? ಅದು ಯಾರ ಹೊಲ?"

ಭರಮಣ್ಣ ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಇವರು ಅಲ್ಲಿರಲಿಲ್ಲ, ಒಣ ಮೆಣಸಿನಕಾಯಿ ಹಾಕಿಕೊಂಡು ಬ್ಯಾಡಗಿಗೆ ಹೋಗಿದ್ದರು.

ಆಗ ಅಮೀರಬಿ ಅಂದಳು, "ಆ ಬಾಜೂ ಇನ್ನಾ ಸರ್ವೇ ಆಗೂದೈತ್ರಿ ಯವ್ವಾ. ಮಳಿಗಾಲ ಮುಗಿಲಿ, ಅದೂ ಆಗತೈತಿ. ನಮ್ಮ ಅಕ್ಕಾರು ಬಿಡೂ ಪೈಕಿ ಅಲ್ಲ."

ಹೊರಗಿನವರ ಮುಂದೆ ಊರಿನ ಮಾನ ಕಾಪಾಡಿದಳು. ನನ್ನದನ್ನೂ. ಆಮೇಲೆ ಬಗ್ಗಿ, ಬಂದವರಿಗೆ ಕೊಡಲು ಚಹಾದ ಲೋಟ ತೊಳೆಯತೊಡಗಿದಳು. ಟೆಂಪೋ ಹೋಗುವತನಕ ನಾನು ಅವಳ ಕಡೆ ತಿರುಗಲಿಲ್ಲ.

ಮೇ 16

ಇವರಿಗೆ ಹೇಳಿಯೇಬಿಟ್ಟೆ. ಹೊಲ ಬಿಡೋಣ, ನಮಗೆ ಉಳಿದದ್ದೇ ಸಾಕಷ್ಟಿದೆ ಅಂದೆ. ಇವರು ಸಿಟ್ಟಾಗಲಿಲ್ಲ. ಮಕ್ಕಳಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು.

"ನಿನ್ನ ಯಾಕ ಅಧ್ಯಕ್ಷಳು ಮಾಡಿದ್ರು ಅಂತ ತಿಳದೀ? ನಿನ್ನ ಭಾಷಣ ಕೇಳೇನು? ಕಾಕಾಗ ಹೇಳಿ ನಿನ್ನ ಹೆಸರು ತಗಸಿದಾಂವ ನಾನು. ಸಂಘ ನಮ್ಮ ಮನ್ಯಾಗ ಇದ್ರ ಹೊಲ ಉಳೀತೈತಿ. ಅಷ್ಟ ಅದು."

"ಮತ್ತ ಅಮೀರಬಿದು?"

"ಆಕಿದು ಕೆರ್ಯಾಗ ಇತ್ತು."

"ನಮ್ಮದು?"

"ನಮ್ಮದು ಅಪ್ಪ ಮಾಡಿದ್ದು."

ಮೇ 17

ಅಧ್ಯಕ್ಷಳಾದ ದಿನ ನನಗಾಗಿದ್ದ ಸಂತೋಷ ನೆನೆದರೆ ಮೈ ಹಿಡಿಯಾಗುತ್ತದೆ.

ಜೂನ್ 20

ಮಳೆ ಹಿಡಿದಿದೆ. ಬರೆಯಲು ಏನೂ ಇಲ್ಲ. ಸಂಘದ ಸಭೆಗೆ ಮೈಯಲ್ಲಿ ಹುಷಾರಿಲ್ಲ ಅಂತ ಹೇಳಿ ಕಳಿಸಿದೆ. ಕೆರೆ ಕಡೆ ಹೋಗದೆ ಬಾವಿ ದಾರಿಯಲ್ಲಿ ಹೋಗಿ ಬರುತ್ತೇನೆ.

ಜುಲೈ 9

ಇವತ್ತು ಮೆಣಸಿನ ಸಸಿ ಹಚ್ಚಲು ಆಳು ಬಂದಿದ್ದರು. ಹೆಣ್ಣಾಳುಗಳಿಗೆ ಇವರೇ ಹೇಳಿ ಬಂದಿದ್ದರು. ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದರೆ ಸಾಲಿನ ತುದಿಯಲ್ಲಿ ಅಮೀರಬಿ.

ಈಗ ಅವಳು ಕೂಲಿಗೆ ಹೋಗುತ್ತಾಳೆ ಅಂತ ಕೇಳಿದ್ದೆ. ನಮ್ಮ ಹೊಲಕ್ಕೇ ಬಂದಾಳು ಅಂತ ಎಣಿಸಿರಲಿಲ್ಲ. ಸರ್ವೇ ಸಾಹೇಬರು ನಿಂತಿದ್ದ ಜಾಗದಿಂದ ಕೆಳಗೆ, ಒಡ್ಡಿನ ಕಡೆಯ ಮಣ್ಣಿನಲ್ಲಿ, ಬಗ್ಗಿ ನಮ್ಮ ಸಸಿ ಹಚ್ಚುತ್ತಿದ್ದಳು. ಹೆಬ್ಬೆರಳಿನಿಂದ ತಗ್ಗು ಮಾಡಿ, ಸಸಿ ಇಟ್ಟು, ಸುತ್ತ ಮಣ್ಣು ಒತ್ತಿ ಮುಂದಕ್ಕೆ. ತನ್ನ ಹೊಲದಲ್ಲಿ ಹಚ್ಚಿದಷ್ಟೇ ಜೋಪಾನವಾಗಿ. "ಬರ್ರಿ ಅಕ್ಕಾರ, ಮಣ್ಣು ಭಾಳ ಚಲೋ ಐತ್ರಿ ಇಲ್ಲಿ" ಅಂದಳು. ಕುಟುಕಿದಳೋ ಇಲ್ಲವೋ ನನಗೆ ಈಗಲೂ ತಿಳಿಯದು. ಕುಟುಕಿರಲಿಕ್ಕಿಲ್ಲ.

ಬುತ್ತಿಯ ಗಂಟು ಕೈಯಲ್ಲೇ ಇತ್ತು. "ಹಚ್ಚಬ್ಯಾಡ್ರಿ. ನಿಲ್ಲಸ್ರಿ" ಅಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದೆ. ಎಲ್ಲರೂ ಸಸಿ ಹಿಡಿದುಕೊಂಡೇ ಎದ್ದು ನಿಂತರು.

"ಇದು ಕೆರಿ ಜಾಗ. ನಮ್ಮದಲ್ಲ."

ನಾನೇನೋ ಹೊಸದು ಹೇಳಿದೆ ಅಂತ ನನಗೆ ಅನ್ನಿಸಿತ್ತು. ಅಮೀರಬಿ ಸೊಂಟದ ಮೇಲೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡಳು. "ಊರಿಗೆಲ್ಲ ಗೊತ್ತಿದ್ದದ್ದ ಐತ್ರಿ. ನಿಮಗ ಗೊತ್ತಿಲ್ಲ ಅಂತ ತಿಳಕೊಂಡು ನಾವು ಸುಮ್ಮನಿದ್ದಿವಿ."

ಹೊಲದ ಮೂಲೆಯಲ್ಲಿ ಸಲಿಕೆ ಇತ್ತು. ಅದನ್ನು ತೆಗೆದುಕೊಂಡು ಒಡ್ಡಿನ ಮೇಲೆ ಹೋಗಿ ಕಡಿಯತೊಡಗಿದೆ. ಮಾವ ಹಾಕಿಸಿದ ಒಡ್ಡು ಕಲ್ಲಿನ ಹಾಗೆ ಗಟ್ಟಿ. ಹಿಡಿ ಮಣ್ಣು ಬರಬೇಕಾದರೆ ನಾಲ್ಕು ಪೆಟ್ಟು. ಹೆಂಗಸರು ನೋಡುತ್ತ ನಿಂತರು. "ಬಾ ಅಮೀರಬಿ, ಒಂದೀಟು ಕೈ ಹಚ್ಚು" ಅಂದೆ.

"ನಾ ಒಲ್ಲೆರಿ. ನೀವು ಕಡದ್ರ ನಿಮ್ಮ ಮನಿ ಮಾತು ಆಕ್ಕೈತಿ. ನಾ ಕೈ ಹಚ್ಚಿದ್ರ ನಾಳೆ ನಾನ ಒಡ್ಡು ಒಡದೆ ಅಂತಾರ. ಊರಾಗ ಇರಬೇಕಲ್ರಿ ನಾ." ಉಳಿದ ಸಸಿಗಳನ್ನು ನೆರಳಿಗಿಟ್ಟು, ಮೇಲೆ ಹಸಿ ಗೋಣಿ ಹೊದಿಸಿ, ಎಲ್ಲರನ್ನೂ ಕರೆದುಕೊಂಡು ಹೋದಳು. ಆ ಮಾತು ನನಗೆ ಹೊಳೆದೇ ಇರಲಿಲ್ಲ. ಅವಳ ಕೈಯಿಂದಲೇ ಬದನೆ ಕೀಳಿಸಿದ್ದೆ, ಈಗ ಇದನ್ನೂ ಮಾಡಿಸಲು ಹೊರಟಿದ್ದೆ.

ಯಾರು ಹೇಳಿದರೋ, ಅತ್ತೆ ಅಳುತ್ತ ಬಂದರು. ಬಂದು ಒಡ್ಡಿನ ಮೇಲೆ ಕೂತುಬಿಟ್ಟರು. "ನಿಮ್ಮ ಮಾವನ ಬೆವರು ಐತಿ ಇದರಾಗ. ನನ್ನ ಕಡದು ಆಮ್ಯಾಲೆ ಇದನ್ನ ಕಡಿ" ಅಂದರು. ಅವರಿಂದ ಮಾರುದೂರ ಬಿಟ್ಟು ಆಚೆ ಬದಿ ಕಡಿದೆ. ಅವರು ಅತ್ತರು, ನಾನು ಕಡಿದೆ. ಏನು ಚಂದ!

ಇವರು ಬರುವ ಹೊತ್ತಿಗೆ ಒಬ್ಬರು ನುಸುಳುವಷ್ಟು ಬಾಯಿ ಬಿದ್ದಿತ್ತು. ನನ್ನ ಕೈಯಿಂದ ಸಲಿಕೆ ಕಸಿದುಕೊಂಡರು. ಮುಚ್ಚುತ್ತಾರೆ ಅಂದುಕೊಂಡೆ. ಕೆರೆಯೊಳಗೆ ದೂರ ಎಸೆದು, ತಾಯಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಮನೆಗೆ ಹೋದರು.

ಜುಲೈ 15

ಮನೆಯಲ್ಲಿ ಮಾತಿಲ್ಲ. ಅತ್ತೆ ಬೇರೆ ಒಲೆ ಹೂಡಿದ್ದಾರೆ.

ಭರಮಣ್ಣ ಕಾಕಾ ಬಂದಿದ್ದರು. "ನನಗ ಒಂದು ಮಾತು ಕೇಳಬೇಕಿತ್ತವಾ. ಎಲ್ಲಾ ಸಮಾಧಾನದಿಂದ ಮಾಡಬಹುದಿತ್ತು." ಸಮಾಧಾನದಿಂದ ಏನು ಮಾಡುತ್ತಿದ್ದರು ಅಂತ ಕೇಳಿದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಆಗಸ್ಟ್ 6

ಸರ್ವೇದವರು ಮತ್ತೆ ಬಂದರು. ಅರ್ಜಿ ಬರೆದು ಹಾವೇರಿಗೆ ನಾನೇ ಹೋಗಿ ಕೊಟ್ಟು ಬಂದಿದ್ದೆ. ಹೊಲದ ನಡುವೆ ಗಡಿಗೆ ಬಾಂದಗಲ್ಲು ನೆಟ್ಟರು. ಈ ಸಲ ಮನೆಯಲ್ಲಿ ಊಟ ಇರಲಿಲ್ಲ. ಇವರು ಬಾಗಿಲಲ್ಲೇ ಕೂತಿದ್ದರು, ಬಂದವರನ್ನು ತಡೆಯಲೂ ಇಲ್ಲ, ಕರೆಯಲೂ ಇಲ್ಲ.

ಸಂಜೆ ಸಭೆ. ಮಾರ್ಚ್ ತಿಂಗಳಲ್ಲೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಅಮೀರಬಿಯ ಗಿಡ ಮೊದಲು ಕೀಳಿಸಿದೆ ಎಂದು ಎಲ್ಲರ ಮುಂದೆ ಹೇಳಿದೆ. ಅಧ್ಯಕ್ಷತನ ಬಿಟ್ಟೆ. ಬೇಡ ಅಂತ ಒಬ್ಬರೂ ಅನ್ನಲಿಲ್ಲ. ಅಂದಾರು ಅಂತ ಒಳಗೊಳಗೇ ಕಾದಿದ್ದೆ ಅನ್ನುವುದು ಆಮೇಲೆ ತಿಳಿದು ಇನ್ನಷ್ಟು ನಾಚಿಕೆಯಾಯಿತು. ಅಂಗನವಾಡಿಯ ಸುಶೀಲವ್ವ ಅಧ್ಯಕ್ಷೆ ಆದಳು.

ಆಗಸ್ಟ್ 11

ಅಮೀರಬಿಯ ಮನೆಗೆ ಹೋದೆ. ನಮ್ಮ ಹೊಲದಲ್ಲಿ ಬಾಂದಗಲ್ಲಿನ ಮೇಲಿನ ಬದಿ ಒಂದು ಪಟ್ಟಿ ತೆಗೆದುಕೋ, ಕಾಯಿಪಲ್ಲೆ ಬೆಳೆದುಕೋ, ಮಾವ ಅದನ್ನು ನನ್ನ ಹೆಸರಿಗೇ ಬರೆದಿದ್ದಾರೆ, ಯಾರೂ ಕೇಳುವುದಿಲ್ಲ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಡದೆಯೇ ಹೇಳಿದಳು.

"ಬ್ಯಾಡ್ರಿ."

"ಯಾಕ?"

"ಅದು ನಿಮ್ಮ ಸಮಾಧಾನಕ್ಕ ಕೊಡಾಕತ್ತೀರಿ. ನಾ ತಗೊಂಡ್ರ ನೀವು ಹಗುರ ಆಗ್ತೀರಿ, ನಾ ನಿಮ್ಮ ಹಂಗಿನಾಗ ಬೀಳ್ತೇನಿ. ಕೆರ್ಯಾಗಿಂದು ನಂದಲ್ಲ ಅಂತ ಗೊತ್ತಿತ್ತು, ಬಿಟ್ಟೆ. ಅದಕ್ಕ ನನಗ ಹಳಹಳಿ ಇಲ್ಲ. ಎಲ್ಲಾರೂ ಅಂತ ಕೇಳಿದೆ ನೋಡ್ರಿ ಅವತ್ತು, ನನ್ನ ಮಾರಿ ನೋಡಿ ಎಲ್ಲಾರೂ ಅಂದ್ರಿ. ಹಳಹಳಿ ಅದೊಂದಕ್ಕ."

ಎದ್ದು ಬಂದೆ. ಚಹಾ ಕುಡಿದು ಹೋಗ್ರಿ ಅಂತ ಅವಳು ಹೇಳಲಿಲ್ಲ.

ಸೆಪ್ಟೆಂಬರ್ 24

ಕೆರೆಗೆ ನೀರು ಬಂದಿದೆ. ಒಡ್ಡಿನ ಬಾಯಿಂದ ಒಳಗೆ ಬಂದು ಹೊಲದಲ್ಲಿ ಹರಡಿದೆ. ಹಚ್ಚಿದ್ದ ಕೆಲವು ಸಾಲು ಸಸಿ ಮುಳುಗಿದವು. ನೋಡಿ ಸಂಕಟವಾಯಿತು. ಆಗಬಾರದು ಅಂದರೂ ಆಯಿತು. ಸಂಜೆ ಇವರೂ ಅಲ್ಲಿಗೆ ಬಂದು ಸ್ವಲ್ಪ ದೂರದಲ್ಲಿ ನಿಂತರು. "ನೀರಹಕ್ಕಿ ಬಂದಾವ" ಅಂದರು. ಜುಲೈ ಆದಮೇಲೆ ಆಡಿದ ಮೊದಲ ಮಾತು. ನನಗೇ ಹೇಳಿದರೋ ತಮ್ಮಷ್ಟಕ್ಕೆ ಆಡಿಕೊಂಡರೋ. "ಹೌದ್ರಿ" ಅಂದೆ.

ಅಕ್ಟೋಬರ್ 15

ಮೂರು ದಿನದಿಂದ ಬಿಡದೆ ಮಳೆ. ಬೆಳಿಗ್ಗೆ ಸುಶೀಲವ್ವ ಮನೆಮನೆಗೆ ಹೋಗಿ ಕೂಗಿದಳು, ತೂಬಿನ ಹತ್ತಿರ ಏರಿ ಜಿನುಗುತ್ತಿದೆ, ಇದ್ದವರೆಲ್ಲ ಬರ್ರಿ ಅಂತ. ನಮ್ಮ ಮನೆಯ ಮುಂದೆ ಬಂದಾಗ ಅವಳ ದನಿ ಸ್ವಲ್ಪ ತಗ್ಗಿತು. ಕರೆಯುವುದೋ ಬಿಡುವುದೋ ಅಂತ ಅವಳಿಗೆ ತಿಳಿಯಲಿಲ್ಲ, ಪಾಪ. ನಾನು ಬುಟ್ಟಿ ತೆಗೆದುಕೊಂಡು ಹೊರಟೆ.

ಏರಿಯ ಬುಡದಲ್ಲಿ ಕೆಂಪು ನೀರು ಬುಗ್ಗೆ ಹಾಕುತ್ತಿತ್ತು. ನಾವು ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಒಟ್ಟಿದಷ್ಟೂ ಕುಸಿಯಿತು. ಇವರು ಟ್ರ್ಯಾಕ್ಟರ್ ತುಂಬ ಗರಸು ಮಣ್ಣು ಹೇರಿಕೊಂಡು ಬಂದು ಸುರಿದು ಮತ್ತೆ ತರಲು ಹೋದರು. ನಾವು ಸಾಲಾಗಿ ನಿಂತು ಬುಟ್ಟಿ ದಾಟಿಸಿದೆವು. ನಾನು ಹೋಗಿ ನಿಂತ ಕಡೆ ಮೇಲುಗಡೆಯವಳು ಅಮೀರಬಿ ಅಂತ ನಿಂತಮೇಲೆ ಕಂಡಿತು. ಬೇರೆ ಕಡೆ ಸರಿಯೋಣ ಅಂದರೆ ಜಾಗವಿರಲಿಲ್ಲ. ಅವಳ ಕೈಯಿಂದ ನನ್ನ ಕೈಗೆ, ನನ್ನಿಂದ ಕೆಳಗೆ. ಒಮ್ಮೆ ಕಾಲು ಜಾರಿ ಮೊಣಕಾಲೂರಿದೆ. ತಲೆಯ ಮೇಲೆ ಅವಳ ಕೂಗು: "ಏ ಅರುಣಾ, ಬುಟ್ಟಿ ಬಿಡಬ್ಯಾಡ! ಹಿಡಿ, ಲಗೂ ಹಿಡಿ!" ಹಿಡಿದೆ.

ಮಧ್ಯಾಹ್ನ ದಾಟಿದ ಮೇಲೆ ಜಿನುಗು ನಿಂತಿತು. ಎಲ್ಲರೂ ಏರಿಯ ಮೇಲೆ ಎಲ್ಲಿ ಬೇಕಲ್ಲಿ ಕೂತುಬಿಟ್ಟೆವು. ಯಾರ ಮನೆಯಿಂದಲೋ ರೊಟ್ಟಿ, ಯಾರ ಮನೆಯದೋ ಚಟ್ನಿ. ಅಮೀರಬಿ ಆಚೆ ತನ್ನ ಓಣಿಯವರ ಜೊತೆ ಕೂತು ಉಂಡಳು. ಬುಟ್ಟಿ ಕೊಡವಿಕೊಂಡು ಅವರ ಜೊತೆಯೇ ಹೋದಳು. ಅವಳ ಮುಖ ನೋಡಿ ಮಾತಾಡುವ ಮಾತು ನನ್ನ ಹತ್ತಿರ ಇನ್ನೂ ಇಲ್ಲ.

ಅಂಗೈ ಸುಲಿದು ಪೆನ್ನು ಹಿಡಿಯಲು ಬರುತ್ತಿಲ್ಲ. ತೂಬಿನ ಎಡಕ್ಕೆ ಹಾಕಿದ ಗರಸು ಇನ್ನೂ ಕೂತಿಲ್ಲ, ಮೇಲಿಂದ ಮಣ್ಣು ಬಡಿಯದಿದ್ದರೆ ಈ ಮಳೆಗೆ ತಡೆಯಲಿಕ್ಕಿಲ್ಲ. ಬೆಳಕು ಹರಿಯುವುದರೊಳಗೆ ಹೋಗಿ ನೋಡಬೇಕು.